ಗೆದ್ದ ಮೇಲೆ ಉಳಿಯೋದೇನು?

ಎಸ್.ಎಲ್. ಭೈರಪ್ಪನವರ ‘ಪರ್ವ’ ಓದಿದವರನ್ನು ಕೇಳಿ ನೋಡಿ. ಹೆಚ್ಚಿನವರು ಯುದ್ಧದ ಬಗ್ಗೆ ಹೇಳ್ತಾರೆ, ಇಲ್ಲಾಂದ್ರೆ ಕುಂತಿ, ದ್ರೌಪದಿಯರ ಬಗ್ಗೆ. ನನ್ನನ್ನು ಹಿಡಿದು ಕೂರಿಸಿದ್ದು ಅದರ ಕೊನೆಯ ಭಾಗ. ಯುದ್ಧ ಮುಗಿದ ಮೇಲೆ ಉಳಿದವರು ಹೇಗೆ ಬದುಕಬೇಕು ಅನ್ನೋ ಭಾಗ.

2025ರ ಸೆಪ್ಟೆಂಬರ್ 24ರಂದು ಭೈರಪ್ಪನವರು ತೀರಿಕೊಂಡರು. ಮುಂದಿನ ವಾರ ದಸರಾ ರಜಕ್ಕೆ ಮಾಯಸಂದ್ರಕ್ಕೆ ಹೊರಟಾಗ ‘ಪರ್ವ’ವನ್ನು ಬ್ಯಾಗಿಗೆ ಹಾಕಿಕೊಂಡೆ. 1979ರಲ್ಲಿ ಬಂದ ಕಾದಂಬರಿ, ನಾನು ಹುಟ್ಟೋಕೂ ಎಷ್ಟೋ ವರ್ಷ ಮೊದಲಿನದು. ಮಹಾಭಾರತದ ಕಥೆಯೇ, ಆದರೆ ವರ, ಶಾಪ, ಪವಾಡ ಇಲ್ಲ. ಕೃಷ್ಣನೂ ಮನುಷ್ಯನೇ. ಯುದ್ಧ ಅಂದರೆ ಇಲ್ಲಿ ಹಸಿವು, ಹೊಲಸು, ಹೆಣದ ನಾತ. ಗೆದ್ದವರ ಮುಂದೆ ಕೊನೆಗೆ ನಿಲ್ಲೋದು ಗಂಡ, ಮಕ್ಕಳನ್ನು ಕಳೆದುಕೊಂಡ ಹೆಂಗಸರು, ಸೈನಿಕರಿಂದ ಬಸುರಾದ ಹೆಣ್ಣುಮಕ್ಕಳು. ರಾಜ್ಯ ಯಾರದು ಅಂತ ಗಂಡಸರು ಹದಿನೆಂಟು ದಿನ ಬಡಿದಾಡಿದರು. ಹುಟ್ಟೋ ಮಕ್ಕಳನ್ನು ಸಾಕೋರು ಯಾರು ಅನ್ನೋದು ಈ ಹೆಂಗಸರ ಪ್ರಶ್ನೆ.

ಇದನ್ನು ಬರೆದವರು ನಮ್ಮ ಪಕ್ಕದ ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದವರು. ಚಿಕ್ಕ ವಯಸ್ಸಿನಲ್ಲೇ ಪ್ಲೇಗ್‌ಗೆ ತಾಯಿಯನ್ನೂ ಒಡಹುಟ್ಟಿದವರನ್ನೂ ಕಳೆದುಕೊಂಡವರು. ‘ಗೃಹಭಂಗ’ದ ನಂಜಮ್ಮ ಗಂಡನ ಶಾನುಭೋಗಿಕೆ ಲೆಕ್ಕವನ್ನು ತಾನೇ ಬರೆದು ಮನೆ ನಡೆಸ್ತಾಳಲ್ಲ, ಆ ಮಾತು, ಆ ಬೈಗುಳ ಎಲ್ಲ ನಮ್ಮ ಸೀಮೆಯದೇ. ಹಾಗಾಗಿ ಕುರುಕ್ಷೇತ್ರದ ಕಥೆ ಓದುವಾಗಲೂ ನನಗೆ ನಮ್ಮ ತೋಟದ ಬೇಲಿ ಕಾಣ್ತಾ ಇತ್ತು.

ಕಾಣೋಕೆ ಕಾರಣವೂ ಇತ್ತು. ಅಪ್ಪನಿಗೂ ದೊಡ್ಡಪ್ಪನಿಗೂ ಹನ್ನೊಂದು ವರ್ಷ ಕೇಸು ನಡೀತು. ಪಾಲಾದ ತೋಟದ ನಡುವೆ ಇರೋ ಒಂದು ಸಾಲು, ಹದಿನಾಲ್ಕು ತೆಂಗಿನಮರ, ಯಾರಿಗೆ ಸೇರಬೇಕು ಅನ್ನೋದೇ ವ್ಯಾಜ್ಯ. ಸೂಜಿ ಮೊನೆಯಷ್ಟೂ ಬಿಡೋಲ್ಲ ಅಂದ ದುರ್ಯೋಧನ ಯಾವ ಕಡೆ ಇದ್ದ ಅಂತ ಹೇಳೋದು ಕಷ್ಟ, ಎರಡೂ ಕಡೆ ಇದ್ದ. ತೀರ್ಮಾನ ಆಗೋವರೆಗೆ ಆ ಸಾಲಿನ ಕಾಯಿ ಯಾರೂ ಕೀಳಬಾರದು ಅಂತ ಆದೇಶವಾಯ್ತು. ಮಾಗಿದ ಕಾಯಿ ತಾನಾಗೇ ಬಿದ್ದು ಸೋಗೆಯ ಕೆಳಗೇ ಬಿದ್ದಿರೋದು. ಅಟ್ಟ ಸೇರಿ ಹತ್ತು ಹನ್ನೆರಡು ತಿಂಗಳು ಒಣಗಿ, ಉಂಡೆ ಕೊಬ್ಬರಿಯಾಗಿ ತಿಪಟೂರು ಮಾರುಕಟ್ಟೆಗೆ ಹೋಗಬೇಕಾದ ಕಾಯಿಗಳು ಅವು.

2021ರಲ್ಲಿ ಕೊರೋನಾಗೆ ದೊಡ್ಡಪ್ಪ ಹೋದರು. ಮಾತು ಬಿಟ್ಟು ವರ್ಷಗಳಾಗಿದ್ದರೂ ದಾಯಾದಿಗಳಿಗೆ ಸೂತಕ ತಪ್ಪೋಲ್ಲವಲ್ಲ. ಕೋರ್ಟಲ್ಲಿ ಎದುರುಪಕ್ಷ, ಸಾವಲ್ಲಿ ಒಂದೇ ಸೂತಕ. ಎರಡು ವರ್ಷಕ್ಕೆ ಅಪ್ಪನೂ ಹೋದರು. ಕೇಸು ಮಾತ್ರ ಸಾಯಲಿಲ್ಲ. ಅವರ ಹೆಸರಿದ್ದ ಕಡೆ ವಾರಸುದಾರರು ಅಂತ ನಮ್ಮ ಹೆಸರು ಬಂತು. ಒಂದು ಕಡೆ ಅಮ್ಮ, ನಾನು. ಇನ್ನೊಂದು ಕಡೆ ದೊಡ್ಡಮ್ಮ, ಅವರ ಮಗ ಅಣ್ಣ. ನಾವಿಬ್ಬರೂ ಬೆಂಗಳೂರಲ್ಲಿ ಕೆಲಸಕ್ಕಿರೋರು. ಇಬ್ಬರಿಗೂ ಆ ಹದಿನಾಲ್ಕು ಮರದಲ್ಲಿ ಯಾವುದು ಯಾವುದು ಅಂತ ಗೊತ್ತಿಲ್ಲ.

ಆ ದಸರೆಗೆ ಹೋದಾಗ ನೋಡ್ತೀನಿ, ನಮ್ಮ ಬೋರಿನಿಂದ ಒಂದು ಪೈಪು ಬೇಲಿ ದಾಟಿ ದೊಡ್ಡಮ್ಮನ ತೋಟಕ್ಕೆ ಹೋಗಿದೆ. ಅವರ ಮೋಟಾರು ಸುಟ್ಟುಹೋಗಿತ್ತಂತೆ, ರಿಪೇರಿಗೆ ದುಡ್ಡು ಹೊಂದಿಸೋಕೆ ಆಗಿರಲಿಲ್ಲವಂತೆ. ಗರಿಯೆಲ್ಲ ಜೋತುಬಿದ್ದಿದ್ದು ನೋಡಿ ಅಮ್ಮ ನೀರು ಬಿಟ್ಟಿದ್ದಾಳೆ. ನಾನು ಗಾಬರಿಯಾಗಿ ವಕೀಲರಿಗೆ ಫೋನ್ ಮಾಡಿದೆ. ‘ನಿಲ್ಲಿಸಿಬಿಡಿ, ನಾಳೆ ನೀರೂ ನಮ್ಮ ಹಕ್ಕು ಅಂದಾರು’ ಅಂದರು. ಅಮ್ಮನಿಗೆ ಹೇಳಿದೆ.

‘ಮರಕ್ಕೇನೇ ಗೊತ್ತು ಕೇಸು?’ ಅಂದಳು. ಸ್ವಲ್ಪ ಹೊತ್ತು ಬಿಟ್ಟು, ‘ಗೆದ್ದು ಆ ಸಾಲಿನ ಕಾಯಿ ತಂದು ಯಾರ ಮುಂದೆ ಸುರೀಲಿ? ನಿಮ್ಮಪ್ಪ ಅವ್ರಾ, ನಿಮ್ ದೊಡ್ಡಪ್ಪ ಅವ್ರಾ?’ ಅಂದಳು.

ಅಮ್ಮ ‘ಪರ್ವ’ ಓದಿದವಳಲ್ಲ. ಅವತ್ತು ರಾತ್ರಿ ಕೊನೆಯ ಪುಟಗಳನ್ನು ಮತ್ತೆ ಓದಿದೆ. ಯಾರದು ಅಂತ ಕೇಳೋರು ಹೋದ ಮೇಲೆ, ಸಾಕೋರು ಯಾರು ಅಂತ ಕೇಳೋರೇ ಅಲ್ಲೂ ಉಳಿದಿದ್ದರು. ಬೆಳಿಗ್ಗೆ ಅಣ್ಣನಿಗೆ ವಾಟ್ಸಾಪ್ ಮಾಡಿದೆ: ‘ನೀರು ಹರೀತಿದೆ. ನಿಲ್ಲಿಸೋಲ್ಲ. ಕೇಸು ನಿಲ್ಲಿಸೋಣ್ವಾ?’ ನೀಲಿ ಗೆರೆ ಬಂತು. ಉತ್ತರ ಬರೋಕೆ ನಾಲ್ಕು ದಿನ ಬೇಕಾಯ್ತು. ‘ಅಮ್ಮನ ಕೇಳಿದೆ. ಆಯ್ತು.’

ಡಿಸೆಂಬರ್‌ನಲ್ಲಿ ಲೋಕ ಅದಾಲತ್‌ನಲ್ಲಿ ರಾಜಿ ಆಯ್ತು. ನಿಮ್ಮ ಮನೆಯಲ್ಲೂ ಇಂಥದ್ದಿದ್ದರೆ ತಿಳಿದಿರಲಿ: ಕೋರ್ಟಲ್ಲಿರೋ ಕೇಸು ಅಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟು ಶುಲ್ಕ ವಾಪಸ್ ಸಿಗುತ್ತೆ, ಅದರ ಮೇಲೆ ಮಾಮೂಲಿ ಅಪೀಲು ಇರೋಲ್ಲ. ಹಾಗಾಗಿ ಮನೆಯವರೆಲ್ಲ ಕೂತು ಮಾತಾಡಿಯೇ ಸಹಿ ಹಾಕಿ. ನಮ್ಮದು ಏಳು ಮರ ಅವರಿಗೆ, ಏಳು ನಮಗೆ. ಮೋಟಾರು ರಿಪೇರಿ ಆಗೋವರೆಗೆ ನೀರು ಇಬ್ಬರಿಗೂ.

ಎಲ್ಲ ಸರಿಹೋಯ್ತು ಅಂತ ಹೇಳೋಲ್ಲ. ವಕೀಲರಿಗೆ, ಓಡಾಟಕ್ಕೆ ಖರ್ಚಾದ ದುಡ್ಡು ಆ ಹದಿನಾಲ್ಕು ಮರದ ಕಾಯಿಯಿಂದ ಬೇಗ ಹುಟ್ಟೋದಲ್ಲ. ಅಣ್ಣತಮ್ಮಂದಿರು ಮುಖ ನೋಡದೇ ಕಳೆದ ಹನ್ನೊಂದು ವರ್ಷಕ್ಕೆ ಯಾವ ಅದಾಲತ್ತೂ ಲೆಕ್ಕ ಹಾಕೋಲ್ಲ. ದೊಡ್ಡಮ್ಮ ನಮ್ಮ ಮನೆಗೆ ಬಂದರೂ ಇನ್ನೂ ಜಗಲಿ ಮೇಲೇ ಕೂರ್ತಾರೆ, ಒಳಗೆ ಬರೋಲ್ಲ. ಅಮ್ಮ ಕಾಫಿಯನ್ನು ಅಲ್ಲಿಗೇ ತಗೊಂಡು ಹೋಗ್ತಾಳೆ.

ಆದರೆ ಯಾರೂ ಕೀಳದೆ ಬಿದ್ದಿದ್ದ ಕಾಯಿಗಳಲ್ಲಿ ಒಂದಷ್ಟು ಅಲ್ಲೇ ಮೊಳಕೆ ಬಂದಿದ್ದವು. ಅದರಲ್ಲಿ ಗಟ್ಟಿ ಸಸಿ ಆರಿಸಿ ಇಬ್ಬರೂ ತಮ್ಮ ತಮ್ಮ ತೋಟದ ಖಾಲಿ ಜಾಗಕ್ಕೆ ನೆಟ್ಟಿದ್ದಾರೆ. ನಮ್ಮ ಕಡೆಯ ಎತ್ತರದ ತಳಿ ಫಲಕ್ಕೆ ಬರೋಕೆ ಆರೇಳು ವರ್ಷ ಬೇಕು. ದೊಡ್ಡಮ್ಮನಿಗೆ ಈಗ ಎಪ್ಪತ್ತೊಂದು. ‘ನೀವ್ ತಿನ್ರವ್ವ’ ಅಂದರು.

ಅಣ್ಣ ನನ್ನ ‘ಪರ್ವ’ ಇಸಕೊಂಡು ಹೋಗಿದ್ದಾನೆ. ಕಾದಂಬರಿ ಶುರುವಾಗೋದು ಮದ್ರದ ಶಲ್ಯನ ಅರಮನೆಯಲ್ಲಿ. ಎರಡು ತಿಂಗಳಾಯ್ತು, ಎಲ್ಲಿಗೆ ಬಂತು ಅಂತ ಮೊನ್ನೆ ಕೇಳಿದೆ. ‘ಇನ್ನೂ ಶಲ್ಯನ ಮನೇಲೇ ಇದ್ದೀನಿ ಕಣೇ’ ಅಂದ.