ವಸ್ತಾದರ ಕಣ್ಣಳತೆ

ಮೈಸೂರಿನ ಗರಡಿಯಲ್ಲಿ ಬೆಳಗಿನ ಮೊದಲ ಕೆಲಸ ಮಟ್ಟಿ ಅಗೆಯುವುದು. ಗುದ್ದಲಿ ಹಿಡಿದು ಈ ಮೂಲೆಯಿಂದ ಆ ಮೂಲೆಯವರೆಗೆ ಕೆಮ್ಮಣ್ಣು ತಿರುವಿ ಹಾಕಬೇಕು, ಹೆಂಟೆ ಒಡೆಯಬೇಕು, ಕಲ್ಲು ಆಯಬೇಕು. ಆಮೇಲೆ ಹಗ್ಗ ಕಟ್ಟಿದ ಮರದ ಹಲಗೆಯ ಮೇಲೆ ಒಬ್ಬ ಚಿಕ್ಕ ಹುಡುಗನನ್ನು ನಿಲ್ಲಿಸಿ ದೊಡ್ಡವರು ಎಳೆದು ಮಣ್ಣನ್ನು ಸಮ ಮಾಡುತ್ತಿದ್ದರು. ಎಪ್ಪತ್ತರ ದಶಕದಲ್ಲಿ ನಾನು ಆ ಹಲಗೆಯ ಮೇಲೆ ನಿಂತವನು, ಮುಂದೆ ಅದನ್ನೇ ಎಳೆದವನು. ನಿಂತವನಿಗೆ ತೂಕ ಸಂಭಾಳಿಸುವುದು ಬರುತ್ತಿತ್ತು, ಎಳೆದವನಿಗೆ ಸೊಂಟ ತೊಡೆ ಗಟ್ಟಿಯಾಗುತ್ತಿತ್ತು, ಅಗೆದವನಿಗೆ ಮುಂಗೈ ಹಿಡಿತ ಕೂಡುತ್ತಿತ್ತು. ಪಾಠ ಶುರುವಾಗಿದೆ ಎಂದು ನಮಗೆ ಯಾರಿಗೂ ಅನ್ನಿಸುತ್ತಿರಲಿಲ್ಲ.

ಮಟ್ಟಿ ಆದ ಮೇಲೆ ದಂಡೆ, ಬಸ್ಕಿ. ಗರಡಿಯ ಗುರು ವಸ್ತಾದರು ಗೋಡೆಗೆ ಒರಗಿ ಕೂತು ಸುಮ್ಮನೆ ನೋಡುತ್ತಿದ್ದರು. ಯಾರ ಉಸಿರು ಬೇಗ ಮೇಲೆ ಬರುತ್ತದೆ, ಯಾರು ಎಡಗೈಗೆ ಭಾರ ಬಿಡುತ್ತಿಲ್ಲ, ಯಾರು ರಾತ್ರಿ ಸರಿಯಾಗಿ ಉಂಡಿಲ್ಲ, ಎಲ್ಲವೂ ಅವರಿಗೆ ಅಲ್ಲೇ ಗೊತ್ತಾಗುತ್ತಿತ್ತು. ಆಮೇಲೆ ಜೋಡಿ ಹಾಕುತ್ತಿದ್ದರು. "ಲೇ, ನೀನು ಅವನ ಜೊತೆ ಜೋರು ಮಾಡ್ಲಾ. ಕಾಲು ಹಿಡೀಬ್ಯಾಡ, ಬರೀ ಕೈನಲ್ಲೇ ಆಡು." ಒಂದು ದಿನ ನನಗಿಂತ ಬಲಶಾಲಿ ಎದುರಿಗೆ. ಅವತ್ತು ನನ್ನ ಕೆಲಸ ಬೀಳದೆ ಉಳಿಯುವುದು. ಇನ್ನೊಂದು ದಿನ ಸರಿಸಮ. ಮತ್ತೊಂದು ದಿನ ನನಗಿಂತ ಚಿಕ್ಕವನು, ಅವನಿಗೆ ಪಟ್ಟು ಹಾಕಲು ಮೈ ಕೊಡಬೇಕು, ಎರಡು ಸಲ ಬಿದ್ದು ಮೂರನೆಯ ಸಲ ಬಿಡಿಸಿಕೊಳ್ಳಬೇಕು. ಎದುರಾಳಿಯನ್ನು ಬೆನ್ನ ಮೇಲಿಂದ ಎತ್ತಿ ಹಾಕುವ ಧೋಬಿ ಪಚಾಡ್ ಒಂದನ್ನೇ ವಾರಗಟ್ಟಲೆ ಹಾಕಿಸುತ್ತಿದ್ದರು. ಎತ್ತರದವನ ಮೇಲೆ ಹಾಕುವಾಗ ಎಷ್ಟು ತಗ್ಗಬೇಕು, ದಪ್ಪಗಿದ್ದವನನ್ನು ಬೆನ್ನಿಗೆ ಏರಿಸಿಕೊಳ್ಳುವ ಮೊದಲು ಎತ್ತ ಎಳೆಯಬೇಕು ಎಂಬುದು ಜೋಡಿ ಬದಲಾದಂತೆಲ್ಲ ಬದಲಾಗುತ್ತಿತ್ತು. ಪಟ್ಟು ಒಂದೇ ಆದರೂ ಬೇಸರಕ್ಕೆ ಜಾಗವಿರಲಿಲ್ಲ.

ಆ ಕಾಲವೇ ಬಂಗಾರ ಎಂದು ನಾನು ಹೇಳುವುದಿಲ್ಲ. ವಸ್ತಾದರ ಕಣ್ಣು ಬೀಳುತ್ತಿದ್ದದ್ದು ಮೈಕಟ್ಟು ಚೆನ್ನಾಗಿದ್ದವರ ಮೇಲೆ. ನರಪೇತಲ ಹುಡುಗರು ಕೆಲವು ತಿಂಗಳು ಬಂದು, ಗದೆ ಒರೆಸಿ, ತಾವೇ ನಿಂತುಬಿಡುತ್ತಿದ್ದರು. ಹೆಣ್ಣುಮಕ್ಕಳಿಗಂತೂ ಗರಡಿಯ ತಗ್ಗು ಬಾಗಿಲಿನೊಳಗೆ ಪ್ರವೇಶವೇ ಇರಲಿಲ್ಲ.

ಎಂಬತ್ತರ ದಶಕದಲ್ಲಿ ನಮ್ಮ ಬೀದಿಯ ಹುಡುಗರು ಕರಾಟೆಯ ಕಡೆ ತಿರುಗಿದರು. ಬ್ರೂಸ್ ಲೀಯ 1973ರ 'ಎಂಟರ್ ದಿ ಡ್ರ್ಯಾಗನ್' ಮತ್ತೆ ಮತ್ತೆ ತೆರೆಗೆ ಬರುತ್ತಿದ್ದ ಕಾಲ ಅದು. ಶಾಲೆಯ ಮೈದಾನಗಳಲ್ಲಿ ಬಿಳಿ ಬಟ್ಟೆ ತೊಟ್ಟ ಮಕ್ಕಳು ಸಾಲಾಗಿ ನಿಂತು ಜಪಾನಿ ಎಣಿಕೆಗೆ ಗುದ್ದು ಹೊಡೆಯುವುದನ್ನು ಕಂಡು ಗರಡಿಯ ಹಿರಿಯರು ತಲೆ ಅಲ್ಲಾಡಿಸಿದರು. ನನಗೆ ಮಾತ್ರ ಅಲ್ಲಿ ಕಲಿಯುವಂಥದ್ದು ಕಂಡಿತು. ಬಿಳಿ ಬೆಲ್ಟಿನಿಂದ ಹಳದಿಗೆ, ಹಳದಿಯಿಂದ ಮುಂದಕ್ಕೆ ಎಂದು ಮಗುವಿಗೆ ತಾನು ಎಲ್ಲಿದ್ದೇನೆ ಎಂಬುದು ತಿಳಿಯುತ್ತಿತ್ತು. ಮಕ್ಕಳಿಗೆ ಹಂತ ಹಂತವಾಗಿ ಕಲಿಸುವುದಕ್ಕೆ ಹಳೆಯ ಬೇರಿದೆ. ಒಕಿನಾವಾದ ಗುರು ಇತೋಸು ಅಂಕೋ 20ನೇ ಶತಮಾನದ ಆರಂಭದಲ್ಲಿ ಕರಾಟೆಯನ್ನು ಶಾಲೆಗಳೊಳಗೆ ತಂದಾಗ, ದೊಡ್ಡವರು ಮಾಡುವ ಕಟಾ ಎಂಬ ಉದ್ದನೆಯ ಚಲನೆಯ ಸರಣಿಗಳು ಮಕ್ಕಳಿಗೆ ಭಾರವೆಂದು ಪಿನಾನ್ ಎಂಬ ಐದು ಚಿಕ್ಕ ಕಟಾಗಳನ್ನು ರೂಢಿಗೆ ತಂದರು. ಮಗುವಿನ ಅಳತೆಗೆ ವಿದ್ಯೆಯನ್ನು ಕತ್ತರಿಸಿ ಹೊಲಿದ ಆ ಕೆಲಸವನ್ನು ನಾನು ಬಹಳ ಗೌರವಿಸುತ್ತೇನೆ. ನಮ್ಮ ಗರಡಿಯಲ್ಲಿ ಅಂಥ ಮೆಟ್ಟಿಲುಗಳಿರಲಿಲ್ಲ.

ಕುಸ್ತಿಯಲ್ಲಿ ನಿಜವಾದ ಬದಲಾವಣೆ ತಂದದ್ದು ಮ್ಯಾಟ್. ಮಣ್ಣಿನ ಕುಸ್ತಿಯಲ್ಲಿ ಎದುರಾಳಿಯ ಬೆನ್ನು ನೆಲಕ್ಕೆ ತಾಗಿ ಚಿತ್ ಆಗಬೇಕು, ಅದಕ್ಕೆ ಎಷ್ಟು ಹೊತ್ತು ಹಿಡಿದರೂ ಸರಿ. ಮ್ಯಾಟಿನ ಮೇಲೆ 9 ಮೀಟರ್ ಅಗಲದ ವೃತ್ತ, ದೊಡ್ಡವರಿಗೆ 3 ನಿಮಿಷದ ಎರಡು ಸುತ್ತು, ಫ್ರೀಸ್ಟೈಲಿನಲ್ಲಿ 10 ಅಂಕದ ಅಂತರ ಬಂದರೆ ಕುಸ್ತಿ ಅಲ್ಲಿಗೇ ಮುಗಿಯಿತು. ವೃತ್ತದಾಚೆ ಕಾಲಿಟ್ಟರೂ ಎದುರಾಳಿಗೆ ಒಂದು ಅಂಕ ಸಿಗುತ್ತದೆ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಖಾಶಾಬಾ ಜಾಧವ್ ಮಣ್ಣಿನಲ್ಲಿ ಬೆಳೆದವರು, 1948ರಲ್ಲಿ ಲಂಡನ್ನಿಗೆ ಹೋದಾಗ ಅವರಿಗೆ ಮ್ಯಾಟ್ ಹೊಸದು. ನಾಲ್ಕು ವರ್ಷದಲ್ಲಿ ಅದನ್ನು ಒಲಿಸಿಕೊಂಡರು. ನಮ್ಮ ಊರಿನ ಪೈಲ್ವಾನರಿಗೆ ಹೊಂದಿಕೊಳ್ಳಲು ಅದಕ್ಕಿಂತ ಬಹಳ ಹೆಚ್ಚು ಕಾಲ ಹಿಡಿಯಿತು. ಮಣ್ಣು ಕಾಲನ್ನು ಹಿಡಿದಿಡುತ್ತದೆ, ತಾಳ್ಮೆ ಬೇಡುತ್ತದೆ. ಮ್ಯಾಟ್ ಚುರುಕು ಬೇಡುತ್ತದೆ. ನಿಧಾನಕ್ಕೆ ನೂರಾರು ಬಸ್ಕಿ ಹೊಡೆಸುವ ತಾಲೀಮಿನ ಜಾಗಕ್ಕೆ ಅರ್ಧ ನಿಮಿಷ ಪೂರ್ತಿ ಬಿರುಸು, ಸ್ವಲ್ಪ ಬಿಡುವು, ಮತ್ತೆ ಬಿರುಸು ಎಂಬ ಲೆಕ್ಕ ಬಂತು. ವಸ್ತಾದರ ಜಾಗದಲ್ಲಿ ಕೊರಳಿಗೆ ಸೀಟಿ ಹಾಕಿಕೊಂಡ ಕೋಚ್ ಬಂದರು. ಸೋಮವಾರ ಕಾಲು ಹಿಡಿಯುವುದು, ಮಂಗಳವಾರ ನೆಲದ ಮೇಲಿನ ಪಟ್ಟು, ಬುಧವಾರ ಬಿಡಿಸಿಕೊಳ್ಳುವುದು ಎಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಬರೆದಿಡುವುದು ಶುರುವಾಯಿತು.

2004ರಲ್ಲಿ ಮಹಿಳೆಯರ ಕುಸ್ತಿ ಒಲಿಂಪಿಕ್ಸ್ ಸೇರಿತು. 2016ರಲ್ಲಿ ಸಾಕ್ಷಿ ಮಲಿಕ್ ರಿಯೋದಲ್ಲಿ ಕಂಚು ಗೆದ್ದರು, ಅದೇ ವರ್ಷದ ಡಿಸೆಂಬರಿನಲ್ಲಿ 'ದಂಗಲ್' ಸಿನಿಮಾ ಬಂತು. ಅಪ್ಪಂದಿರು ಮಗಳ ಕೈ ಹಿಡಿದು ತರಬೇತಿಗೆ ಕರೆತರುವುದನ್ನು ಆಮೇಲೆ ನಾನು ಕಣ್ಣಾರೆ ಕಂಡೆ. ಈ ವಿದ್ಯೆಯಲ್ಲಿ ನನ್ನ ಕಾಲದಲ್ಲಿ ಆದ ಅತ್ಯಂತ ಒಳ್ಳೆಯ ಬದಲಾವಣೆ ಇದೇ.

ಆದರೆ ಕುಸ್ತಿಯ ಬೇಸಿಗೆ ಶಿಬಿರಗಳು ಹೆಚ್ಚಿದ ಮೇಲೆ ಹೊಸದೊಂದು ತೊಂದರೆ ಬಂದಿದೆ. ಮಕ್ಕಳಿಗೆ ಬೇಸರವಾಗಬಾರದೆಂದು ದಿನಕ್ಕೊಂದು ಹೊಸ ಆಟ, ದಿನಕ್ಕೊಂದು ಹೊಸ ಪಟ್ಟು. ಮಗು ನಗುನಗುತ್ತಾ ಮನೆಗೆ ಹೋಗುತ್ತದೆ ನಿಜ. ಆದರೆ ಶಿಬಿರ ಮುಗಿದರೂ ಗದ್ದವನ್ನು ಎದೆಗೆ ಒತ್ತಿ, ತಲೆ ನೆಲಕ್ಕೆ ಬಡಿಯದಂತೆ ಬೀಳುವುದು ಬಂದಿರುವುದಿಲ್ಲ. ಬೀಳಲು ಬಾರದ ಮಗುವನ್ನು ಎತ್ತಿ ಹಾಕಿಸುವುದು ಅಪಾಯ. ಇದನ್ನು ಎಷ್ಟು ಗಟ್ಟಿಯಾಗಿ ಹೇಳಿದರೂ ಸಾಲದು.

ಆಟ ಬೇಡ ಎಂದಲ್ಲ. ಕ್ರೀಡಾ ಹಾಸ್ಟೆಲಿನಲ್ಲಿ ಬೆಳೆದ ಒಬ್ಬ ಹೆಣ್ಣುಮಗಳು ಈಗ ನಮ್ಮ ಬಡಾವಣೆಯ ಮಕ್ಕಳಿಗೆ ಕಲಿಸುತ್ತಾಳೆ. ಮಕ್ಕಳು ಅವಳನ್ನು ಅಕ್ಕ ಎನ್ನುತ್ತಾರೆ. ಪ್ರತಿಯೊಬ್ಬರ ಸೊಂಟದ ಹಿಂದೆ ಒಂದು ಕರವಸ್ತ್ರ ಸಿಕ್ಕಿಸಿ, ಎದುರಿನವರ ಬಾಲ ಕೀಳಿ, ನಿಮ್ಮದನ್ನು ಉಳಿಸಿಕೊಳ್ಳಿ ಎಂದು ಬಿಡುತ್ತಾಳೆ. ಐದು ನಿಮಿಷದೊಳಗೆ ಎಲ್ಲ ಮಕ್ಕಳ ಮಂಡಿ ಬಗ್ಗಿರುತ್ತದೆ, ಕಾಲು ಅಡ್ಡಡ್ಡ ಸರಿಯುತ್ತಿರುತ್ತದೆ, ಕಣ್ಣು ಎದುರಿನವರ ಸೊಂಟದ ಮೇಲಿರುತ್ತದೆ. ಕುಸ್ತಿಗೆ ನಿಲ್ಲುವುದೆಂದರೆ ಇದೇ. ಆಮೇಲೆ ಕರವಸ್ತ್ರ ತೆಗೆಸಿ ಅದೇ ನಿಲುವಿನಲ್ಲಿ ಕಾಲು ಹಿಡಿಸುತ್ತಾಳೆ, ತಿಂಗಳು ಪೂರ್ತಿ ಅದೊಂದನ್ನೇ ಹಿಡಿಸುತ್ತಾಳೆ. ಅವಳ ನೋಟ್‌ಬುಕ್ಕಿನಲ್ಲಿ ಎಲ್ಲವೂ ಬರೆದಿರುತ್ತದೆ, ಜೋಡಿಗಳನ್ನು ಮಾತ್ರ ಮಕ್ಕಳು ನಾಲ್ಕು ಸುತ್ತು ಓಡುವುದನ್ನು ನೋಡಿದ ಮೇಲೆ ಬರೆಯುತ್ತಾಳೆ.

ಮೊನ್ನೆ ಕಟ್ಟುಮಸ್ತಾದ ಒಬ್ಬ ಹುಡುಗಿಯನ್ನು ಹೊಸದಾಗಿ ಸೇರಿದ ಪುಟ್ಟವಳ ಎದುರು ನಿಲ್ಲಿಸಿ, "ಐದು ಸಲ ಅವಳೇ ನಿನ್ನನ್ನ ಕೆಡವಲಿ. ಹೇಗೆ ಬಿದ್ದೆ ಅಂತ ಅವಳಿಗೆ ಹೇಳು" ಎಂದಳು. ದೊಡ್ಡವಳು ಮುಖ ಸಿಂಡರಿಸಿದಳು. ಮೂರನೆಯ ಸಲ ಬೀಳುವ ಹೊತ್ತಿಗೆ ಅವಳೇ ಪುಟ್ಟವಳ ಕೈಯನ್ನು ತನ್ನ ಮಂಡಿಯ ಹಿಂದಕ್ಕೆ ಎಳೆದುಕೊಂಡು, "ಅಲ್ಲಲ್ಲ, ಇಲ್ಲಿ ಹಿಡಿ, ತಲೆ ಒಳಗಿಡು" ಎನ್ನುತ್ತಿದ್ದಳು.