ಹದಿಮೂರು ಕಿಲೋ ಲೆಕ್ಕ

ರಜೆ ಹತ್ತಿರ ಬಂತೆಂದರೆ ನಮ್ಮ ಕನ್ನಡ ಶಾಲೆಯ ಬಾಗಿಲ ಹತ್ತಿರ ಮಕ್ಕಳಿಗಾಗಿ ಕಾಯುವ ಅಪ್ಪ ಅಮ್ಮಂದಿರ ನಡುವೆ ಈ ಮಾತು ಬಂದೇ ಬರುತ್ತದೆ: "ಈ ಸಲ ಕ್ಯಾಂಪಿಂಗ್ ಹೋಗೋಣ ಅಂತಿದೀವಿ, ಏನೇನು ತಗೋಬೇಕು?" ಉತ್ತರವಾಗಿ ಸಿಗುವುದು ಯಾವುದೋ ಅಂಗಡಿಯ ಹೆಸರು, ಇಲ್ಲವೇ ಯಾವುದೋ ಸೇಲ್. ನಾನು ಹತ್ತು ವರ್ಷದವಳಿದ್ದಾಗಿನಿಂದ ಕ್ಯಾಂಪಿಂಗ್ ಹೋಗುತ್ತಿದ್ದೇನೆ. ಮೊದಲು ಮನೆಯವರ ಜೊತೆ ಕಾರಿನಲ್ಲಿ, ಈಗ ಸ್ಕೂಲಿನ ಗೆಳತಿಯರ ಜೊತೆ ಬೆನ್ನಿಗೆ ಚೀಲ ಹೊತ್ತು. ನನ್ನನ್ನು ಕೇಳಿದರೆ ದುಡ್ಡು ಹಾಕಬೇಕಾದದ್ದು, ತಲೆ ಕೆಡಿಸಿಕೊಳ್ಳಬೇಕಾದದ್ದು ಮೂರೇ ವಿಷಯಕ್ಕೆ. ನಿಮ್ಮ ಮೈಗೂ ನೆಲಕ್ಕೂ ನಡುವೆ ಏನಿದೆ, ಕುಡಿಯಲು ನೀರೆಷ್ಟಿದೆ, ಏನಾದರೂ ಆದರೆ ನೀವೆಲ್ಲಿದ್ದೀರಿ ಎಂದು ಬೇರೆಯವರಿಗೆ ಹೇಗೆ ಗೊತ್ತಾಗುತ್ತದೆ. ಉಳಿದದ್ದನ್ನು ಸಾಲ ತರಬಹುದು, ಅಡುಗೆಮನೆಯಿಂದ ಎತ್ತಿಕೊಂಡು ಹೋಗಬಹುದು.

ಮೊದಲ ಸಲ ಹೋಗುವವರಿಗೆ ನಾನು ಹೇಳುವ ಜಾಗ ಗ್ಲೆನ್‌ಬ್ರೂಕ್ ಹತ್ತಿರದ ಯುರೋಕಾ. ಪೆಂಡಲ್ ಹಿಲ್‌ನಿಂದ ಎಂ4 ಹಿಡಿದರೆ ಸುಮಾರು ಮುಕ್ಕಾಲು ಗಂಟೆ. ಬ್ಲೂ ಮೌಂಟನ್ಸ್ ನ್ಯಾಷನಲ್ ಪಾರ್ಕಿನೊಳಗೇ ಇದೆ, ಮುಂಚೆಯೇ ಬುಕ್ ಮಾಡಬೇಕು. ಸಂಜೆ ಪಾರ್ಕಿನ ಗೇಟ್ ಹಾಕುತ್ತಾರೆ, ಆದ್ದರಿಂದ ನಮ್ಮ ಕಾರ್ಯಕ್ರಮಗಳಿಗೆ ಹೋಗುವ ಹಾಗೆ ಒಂದು ಗಂಟೆ ತಡವಾಗಿ ಹೋದರೆ ನಡೆಯುವುದಿಲ್ಲ! ಮಳೆ ಜೋರಾದರೆ ಹಳ್ಳದ ಮೇಲಿನ ಕಾಸ್‌ವೇ ಮುಳುಗಿ ರಸ್ತೆ ಬಂದ್ ಆಗುತ್ತದೆ. ಕುಡಿಯುವ ನೀರು ಅಲ್ಲಿ ಸಿಗುವುದಿಲ್ಲ, ಮನೆಯಿಂದಲೇ ಒಯ್ಯಬೇಕು. ಬೆಳಿಗ್ಗೆ ಟೆಂಟಿನ ಜಿಪ್ ತೆಗೆದರೆ ಹತ್ತು ಹೆಜ್ಜೆ ದೂರದಲ್ಲಿ ಕಾಂಗರೂಗಳು ಹುಲ್ಲು ಮೇಯುತ್ತಿರುತ್ತವೆ. ಪುಟಾಣಿಗಳೇ, ಅವಕ್ಕೆ ಬಿಸ್ಕತ್ತು ಕೊಡಬೇಡಿ, ಅದರಿಂದ ಅವಕ್ಕೆ ಕಾಯಿಲೆ ಬರುತ್ತದೆ.

ಈಗ ನೆಲದ ವಿಷಯ. ಎಲ್ಲರೂ ದಪ್ಪ ಸ್ಲೀಪಿಂಗ್ ಬ್ಯಾಗ್ ಕೊಳ್ಳುತ್ತಾರೆ, ಕೆಳಗೆ ಹಾಸುವುದನ್ನು ಮರೆಯುತ್ತಾರೆ. ಬ್ಯಾಗು ಬೆಚ್ಚಗಿಡುವುದು ಅದರೊಳಗೆ ಸಿಕ್ಕಿಕೊಂಡ ಗಾಳಿಯಿಂದ. ನೀವು ಮಲಗಿದ ತಕ್ಷಣ ಬೆನ್ನ ಕೆಳಗಿನ ಭಾಗ ಅಪ್ಪಚ್ಚಿಯಾಗುತ್ತದೆ, ಗಾಳಿ ಹೊರಗೆ ಹೋಗುತ್ತದೆ, ನೆಲ ರಾತ್ರಿಯಿಡೀ ನಿಮ್ಮ ಮೈಯ ಬಿಸಿಯನ್ನು ಹೀರುತ್ತಿರುತ್ತದೆ. ನೆಂಟರು ಬಂದಾಗ ಊದಿಸುವ ಗಾಳಿ ಹಾಸಿಗೆ ಇದಕ್ಕೆ ಆಗದು, ಅದರೊಳಗಿನ ಗಾಳಿ ಸುತ್ತಾಡಿ ತಣ್ಣಗಾಗುತ್ತಾ ಹೋಗುತ್ತದೆ. ಮ್ಯಾಟ್ ಕೊಳ್ಳುವಾಗ ಆರ್-ವ್ಯಾಲ್ಯೂ ಎಂಬ ಸಂಖ್ಯೆ ನೋಡಿ, ಅದು ಹೆಚ್ಚಿದ್ದಷ್ಟೂ ಚಳಿ ಕಡಿಮೆ. ಸ್ಲೀಪಿಂಗ್ ಬ್ಯಾಗಿನ ಚೀಟಿಯಲ್ಲಿ ಕಂಫರ್ಟ್, ಲಿಮಿಟ್, ಎಕ್ಸ್‌ಟ್ರೀಮ್ ಎಂದು ಮೂರು ಸಂಖ್ಯೆ ಇರುತ್ತವೆ. ಎಕ್ಸ್‌ಟ್ರೀಮ್ ಅಂದರೆ ನಿದ್ದೆ ಬರುತ್ತದೆ ಅಂತಲ್ಲ, ಜೀವ ಉಳಿಯಬಹುದು ಅಂತ. ನೀವು ನೋಡಬೇಕಾದದ್ದು ಕಂಫರ್ಟ್. ವಿಜ್ಞಾನದ ಪಾಠದಲ್ಲಿ ಓದಿದ ಹಾಗೆ 1000 ಮೀಟರ್ ಮೇಲೆ ಹೋದರೆ ಸರಾಸರಿ ಆರು ಡಿಗ್ರಿ ಚಳಿ ಹೆಚ್ಚು, ಕಟೂಂಬಾ ಹೆಚ್ಚುಕಡಿಮೆ ಅಷ್ಟು ಎತ್ತರದಲ್ಲಿದೆ. ನಮ್ಮ ಮನೆಯ ಹಿತ್ತಲಲ್ಲಿ ಸರಿಹೋದದ್ದು ಅಲ್ಲಿ ಸಾಲುವುದಿಲ್ಲ.

ಚಳಿ ಎಂದು ಸ್ಟೋವನ್ನೋ ಕೆಂಡವನ್ನೋ ಟೆಂಟಿನೊಳಗೆ ಮಾತ್ರ ತರಬೇಡಿ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಮಲಗಿದವರು ಏಳುವುದೇ ಇಲ್ಲ.

ಬಟ್ಟೆಯ ವಿಷಯಕ್ಕೆ ನನ್ನ ಗುರು ಚಿತ್ರದುರ್ಗ ಜಿಲ್ಲೆಯ ನಮ್ಮಜ್ಜ. ಕಾಟನ್ ಟೀ-ಶರ್ಟ್, ಜೀನ್ಸ್ ಒದ್ದೆಯಾದರೆ ಮೈಗೆ ಅಂಟಿಕೊಂಡು ಕೊರೆಯುತ್ತವೆ. ಉಣ್ಣೆ ಹಾಗಲ್ಲ, ತೇವವಾದರೂ ಬೆಚ್ಚಗಿರುತ್ತದೆ. ಇಲ್ಲಿಯ ಅಂಗಡಿಗಳಲ್ಲಿ ಮೆರಿನೋ ಉಣ್ಣೆಯ ಒಂದು ಬನಿಯನ್ನಿನ ಬೆಲೆ ಹೇಳಿದರೆ ಅಜ್ಜ ಫೋನಿನಲ್ಲೇ ನಗುತ್ತಾರೆ. ಅವರ ಕಡೆ ಕುರಿ ಕಾಯುವವರ ಹೆಗಲ ಮೇಲೆ ಒಂದು ಕರಿ ಕಂಬಳಿ ಇರುತ್ತದೆ. ಹಾಸಿದರೆ ಹಾಸಿಗೆ, ಹೊದ್ದರೆ ಹೊದಿಕೆ, ಮಳೆ ಬಂದರೆ ತಲೆ ಮೇಲೆ ಕೊಪ್ಪೆ, ಕುರಿಮರಿ ಹುಟ್ಟಿದರೆ ಅದನ್ನು ಸುತ್ತಿಕೊಂಡು ಬರುವುದಕ್ಕೂ ಅದೇ. "ನಿಮ್ಮ ಅಂಗಡಿಯಲ್ಲಿ ಇಷ್ಟೆಲ್ಲ ಕೆಲಸ ಮಾಡೋ ಒಂದು ಸಾಮಾನು ತೋರ್ಸವ್ವ" ಅಂತಾರೆ. ನನಗೆ ಇನ್ನೂ ಸಿಕ್ಕಿಲ್ಲ. ಅವರು ಕೊಟ್ಟ ಕಂಬಳಿ ಯುರೋಕಾಗೆ ಕಾರಿನಲ್ಲಿ ಬರುತ್ತದೆ, ಬೆನ್ನ ಮೇಲೆ ಬರುವುದಿಲ್ಲ, ಏಕೆಂದರೆ ಅದು ಎರಡು ಕಿಲೋಗಿಂತ ಭಾರ.

ಟೆಂಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಾಲ್ಕು ಜನರ ಟೆಂಟ್ ಎಂದರೆ ನಾಲ್ಕು ಜನ ಮಗ್ಗುಲು ಬದಲಿಸದೆ ಮಲಗುವ ಟೆಂಟ್, ಒಂದು ಸೈಜ್ ದೊಡ್ಡದು ತಗೊಳ್ಳಿ. ಹೋಗುವ ಮುಂಚೆ ಹಿತ್ತಲಲ್ಲಿ ಕಟ್ಟಿ, ಗಿಡಕ್ಕೆ ನೀರು ಹಾಕುವ ಪೈಪಿನಿಂದ ನೀರು ಬಿಟ್ಟು ನೋಡಿ, ತಮ್ಮ ತಂಗಿಯರು ಈ ಕೆಲಸಕ್ಕೆ ತಾವಾಗಿಯೇ ಬರುತ್ತಾರೆ. ದೊಡ್ಡ ನೀಲಗಿರಿ ಮರದ ಕೆಳಗೆ ಕಟ್ಟಬೇಡಿ, ಗಾಳಿ ಇಲ್ಲದ ದಿನವೂ ಅದರ ಕೊಂಬೆ ಮುರಿದು ಬೀಳುತ್ತದೆ. ಮೆಲ್ಬರ್ನಿನ ನಮ್ಮ ಚಿಕ್ಕಪ್ಪನ ಮನೆಯವರು ವಿಲ್ಸನ್ಸ್ ಪ್ರೊಮಂಟರಿಯ ಟೈಡಲ್ ರಿವರ್‌ಗೆ ಹೋಗುತ್ತಾರೆ. ಅಲ್ಲಿ ವಾಂಬ್ಯಾಟ್‌ಗಳು ಟೆಂಟುಗಳ ನಡುವೆಯೇ ಓಡಾಡುವುದರಿಂದ ತಿಂಡಿಯನ್ನೆಲ್ಲ ಕಾರಿನಲ್ಲೇ ಇಡುತ್ತಾರೆ.

ಬೆನ್ನಿಗೆ ಹೊರುವ ಕ್ಯಾಂಪಿಂಗ್ ಬೇರೆಯೇ ಕಥೆ. ಡ್ಯೂಕ್ ಆಫ್ ಎಡಿನ್‌ಬರೊ ಅವಾರ್ಡಿನ ಸಿಲ್ವರ್ ಹಂತಕ್ಕೆ ಮೂರು ದಿನ, ಎರಡು ರಾತ್ರಿ ನಡೆಯಬೇಕು. ಬೇಕಾದ ಸಾಮಾನೆಲ್ಲ ಬೆನ್ನ ಮೇಲೆ. ಚೀಲದ ತೂಕ ನಿಮ್ಮ ತೂಕದ ಕಾಲು ಭಾಗ ದಾಟಬಾರದು ಎಂದು ನಮಗೆ ಹೇಳಿಕೊಟ್ಟಿದ್ದಾರೆ. ನನ್ನ ತೂಕ 52 ಕಿಲೋ, ಅಂದರೆ ಚೀಲ 13. ಇದನ್ನು ತೂಗಲು ಹೊಸದೇನೂ ಬೇಡ. ಇಂಡಿಯಾಕ್ಕೆ ಹೋಗುವಾಗ ಸೂಟ್‌ಕೇಸ್ ನೇತುಹಾಕುವ ಕೊಕ್ಕೆ ತಕ್ಕಡಿ ಎಲ್ಲರ ಮನೆಯಲ್ಲೂ ಇದೆಯಲ್ಲ? ಅಲ್ಲಿ ಅಮ್ಮ "ಇನ್ನೂ ಮುನ್ನೂರು ಗ್ರಾಂ ಜಾಗ ಇದೆ" ಎಂದು ಏನಾದರೂ ತುರುಕುತ್ತಾರೆ, ಇಲ್ಲಿ ನಾನು ತೆಗೆಯುತ್ತಿರುತ್ತೇನೆ. ಟೂತ್‌ಬ್ರಷ್ ಸಹ ಅರ್ಧ ಕತ್ತರಿಸುವವರಿದ್ದಾರೆ, ಅದು ಸ್ವಲ್ಪ ಅತಿಯಾಯಿತು ಎಂದು ನನ್ನ ಅಭಿಪ್ರಾಯ. ಈ ತೂಕದ ಹುಚ್ಚು ಹಳೆಯದು. ಸಿಡ್ನಿಯಲ್ಲಿ ಪ್ಯಾಡಿ ಪ್ಯಾಲಿನ್ ಎಂಬುವರು 1930ರಲ್ಲಿ ಕೆಲಸ ಕಳೆದುಕೊಂಡು, ನಡೆಯುವವರಿಗಾಗಿ ಹಗುರವಾದ ಸಾಮಾನುಗಳನ್ನು ಮನೆಯಲ್ಲೇ ತಯಾರಿಸಲು ಶುರುಮಾಡಿದರು. ಅವರ ಹೆಸರಿನ ಅಂಗಡಿಗಳು ಇಂದಿಗೂ ಇವೆ.

ಹದಿಮೂರರಲ್ಲಿ ಕಡಿಮೆ ಮಾಡಬಾರದ ಭಾಗ ನೀರು. ಒಂದು ಲೀಟರ್ ಅಂದರೆ ಒಂದು ಕಿಲೋ, ನಾನು ಮೂರು ಲೀಟರ್ ಹೊರುತ್ತೇನೆ. ಉಳಿದದ್ದು ಹತ್ತೇ ಕಿಲೋ. ಊಟದಲ್ಲಿ ಮಾತ್ರ ನಾವು ಕನ್ನಡದವರು ಎಲ್ಲರಿಗಿಂತ ಮುಂದೆ! ಗೆಳತಿಯರು ದುಬಾರಿ ಪೊಟ್ಟಣದ ಊಟಕ್ಕೆ ನೀರು ಕುದಿಸುತ್ತಾ ಕೂತಿರುವಾಗ ನನ್ನ ಗೊಜ್ಜವಲಕ್ಕಿ ತಣ್ಣೀರಿನಲ್ಲೇ ನೆನೆದು ತಯಾರಾಗಿರುತ್ತದೆ. ಚಪಾತಿ, ಚಟ್ನಿಪುಡಿ ಎರಡು ದಿನ ಕೆಡುವುದಿಲ್ಲ. ಬೇಸಿಗೆಯಲ್ಲಿ ಟೋಟಲ್ ಫೈರ್ ಬ್ಯಾನ್ ಬಂದರೆ ಬೆಂಕಿ ಹಚ್ಚುವಂತಿಲ್ಲ, ಆಗ ಎಲ್ಲರೂ ನನ್ನ ಡಬ್ಬಿಯ ಸುತ್ತ.

ಅಮ್ಮ ಸಿಲ್ವರ್‌ಗೆ ಸುಲಭವಾಗಿ ಒಪ್ಪಲಿಲ್ಲ. ಅವರು ಓದಿದ್ದು 2006ರ ಡಿಸೆಂಬರಿನ ಒಂದು ಸುದ್ದಿ. ಸಿಡ್ನಿಯ ಮೂವರು ವಿದ್ಯಾರ್ಥಿಗಳು ಇದೇ ಅವಾರ್ಡಿಗಾಗಿ ಬ್ಲೂ ಮೌಂಟನ್ಸ್‌ನ ಮೌಂಟ್ ಸಾಲಿಟರಿ ಕಡೆ ನಡೆದಿದ್ದರು. ನೀರು ಮುಗಿಯಿತು. ಅವರಲ್ಲಿ 17 ವರ್ಷದ ಒಬ್ಬ ಹುಡುಗ ಒಂಟಿಯಾಗಿ ದಾರಿ ತಪ್ಪಿ ಮೊಬೈಲಿನಿಂದ ಮತ್ತೆ ಮತ್ತೆ 000ಗೆ ಕರೆ ಮಾಡಿದ. ಕಾಡಿನಲ್ಲಿದ್ದ ಅವನನ್ನು ಅವರು ರಸ್ತೆಯ ಹೆಸರು ಕೇಳುತ್ತಿದ್ದರು. ಅವನು ಬದುಕಿ ಬರಲಿಲ್ಲ. ಅವನ ವಯಸ್ಸು ನನಗಿಂತ ಒಂದೇ ವರ್ಷ ಹೆಚ್ಚು.

"ಏನೂ ಆಗಲ್ಲ ಬಿಡಮ್ಮ" ಎಂದರೆ ಸುಳ್ಳು ಹೇಳಿದ ಹಾಗಾಗುತ್ತಿತ್ತು. ಅದಕ್ಕೆ ಒಂದು ಭಾನುವಾರ ಕೂತು ಅವರಿಗೆ ಈಗ ಏನೇನಿದೆ ಎಂದು ತೋರಿಸಿದೆ. ಫೋನಿನ ಎಮರ್ಜೆನ್ಸಿ ಪ್ಲಸ್ ಆ್ಯಪ್ ತೆರೆದರೆ ನಾವು ನಿಂತ ಜಾಗದ ಅಕ್ಷಾಂಶ ರೇಖಾಂಶ ಕಾಣುತ್ತದೆ, 000ಗೆ ಓದಿ ಹೇಳಿದರೆ ಸಾಕು. ಆದರೆ ಕಣಿವೆಗಳಲ್ಲಿ ಸಿಗ್ನಲ್ ಇರುವುದಿಲ್ಲ. ಅಲ್ಲಿಗೆ ಪಿಎಲ್‌ಬಿ ಬೇಕು, ಅಂಗೈಯಷ್ಟು ದೊಡ್ಡ ಬೀಕನ್. ಗುಂಡಿ ಒತ್ತಿದರೆ ಉಪಗ್ರಹದ ಮೂಲಕ ಸುದ್ದಿ ಹೋಗುತ್ತದೆ, ಮೊಬೈಲ್ ನೆಟ್‌ವರ್ಕ್ ಬೇಡ. ಕೊಳ್ಳಲು ಬೆಲೆ ಜಾಸ್ತಿ, ಆದರೆ ಬ್ಲೂ ಮೌಂಟನ್ಸ್‌ನಲ್ಲಿ ನಡೆಯುವವರಿಗೆ ಪೊಲೀಸರೂ ನ್ಯಾಷನಲ್ ಪಾರ್ಕ್ಸ್‌ನವರೂ ಸೇರಿ ಉಚಿತವಾಗಿ ಎರವಲು ಕೊಡುತ್ತಾರೆ. ಬ್ಲ್ಯಾಕ್‌ಹೀತ್‌ನ ಹೆರಿಟೇಜ್ ಸೆಂಟರಿನಲ್ಲಿ, ಕಟೂಂಬಾ ಪೊಲೀಸ್ ಠಾಣೆಯಲ್ಲಿ ವಿಚಾರಿಸಿ. ಎಲ್ಲಿಗೆ, ಯಾವ ದಾರಿ, ಯಾವಾಗ ವಾಪಸ್ ಎಂದು ಬರೆದುಕೊಡುವ ಟ್ರಿಪ್ ಇಂಟೆನ್ಷನ್ ಫಾರಂ ಕೂಡ ಇದೆ.

ಅಮ್ಮ ಎಲ್ಲ ಕೇಳಿದರು. ಬೀಕನ್ನಿನ ತೂಕ ಎಷ್ಟು ಎಂದು ಕೇಳಿದರು. ಕಾಫಿ ಮಾಡಿಕೊಂಡು ಬಂದು, "ಪುಟ್ಟೀ, ನೀರು ನಾಲ್ಕು ಲೀಟರ್ ಮಾಡು, ಆ ಎರಡನೇ ಜೊತೆ ಬಟ್ಟೆ ಬೇಡ" ಅಂದು ಪರ್ಮಿಷನ್ ಕಾಗದಕ್ಕೆ ಸಹಿ ಹಾಕಿದರು. ನಮ್ಮ ಅಮ್ಮ ಬಟ್ಟೆ ಕಡಿಮೆ ಮಾಡು ಎಂದದ್ದು ಅದೇ ಮೊದಲು.

ಹೆಣ್ಣುಮಕ್ಕಳ ಅಪ್ಪ ಅಮ್ಮಂದಿರಿಗೆ ಒಂದು ಮಾತು. ನಮ್ಮ ಗುಂಪಿನ ಆರು ಜನರೂ ಹುಡುಗಿಯರೇ. ನಕ್ಷೆ ನೋಡುವ ಸರದಿ ಗಂಟೆಗೊಮ್ಮೆ ಬದಲಾಗುತ್ತದೆ. ಕಳುಹಿಸಬೇಕೋ ಬೇಡವೋ ಎಂದು ಯೋಚಿಸುತ್ತಿದ್ದರೆ, ಮೊದಲು ನೀವೂ ಒಂದು ರಾತ್ರಿ ಯುರೋಕಾಗೆ ಬನ್ನಿ. ಪೆಂಡಲ್ ಹಿಲ್‌ನಲ್ಲಿ ಕಾಣದಷ್ಟು ನಕ್ಷತ್ರ ಅಲ್ಲಿ ಕಾಣುತ್ತವೆ.

ನಮ್ಮ ಮನೆಯಲ್ಲಿ ಆರು ಜನರ ಟೆಂಟ್ ಒಂದು, ಮ್ಯಾಟ್ ನಾಲ್ಕು ಇವೆ. ಬೇಕಾದವರು ಶಾಲೆಯಲ್ಲಿ ನನ್ನನ್ನು ಕೇಳಿ, ಸಂತೋಷವಾಗಿ ಕೊಡುತ್ತೇವೆ. ವಾಪಸ್ ತರುವಾಗ ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ ಮಡಿಸಿ, ಒದ್ದೆ ಮಡಿಸಿದರೆ ಬೂಷ್ಟು ಹಿಡಿಯುತ್ತದೆ. ಮೊಳೆಗಳು ಒಟ್ಟು ಹದಿನೆಂಟು, ಎಣಿಸಿ.