ಒಂದೇ ಹೆಸರಿನಲ್ಲಿ ಎರಡು ಲೆಕ್ಕ

ದಿಂಡಿಗಲ್ ಎಂದರೆ ನಮ್ಮ ಊರಿನವರಿಗೆ ಬಿರಿಯಾನಿ. ಇಲ್ಲಿನವರಿಗೆ ಬೀಗ. ಕೈಕೆಲಸದ ಆ ಬೀಗಕ್ಕೆ 2019ರಲ್ಲಿ ಜಿಐ ಮಾನ್ಯತೆಯೂ ಸಿಕ್ಕಿದೆ. ನಾನು ಬಂದದ್ದು ನೂಲಿನ ಗಿರಣಿಯೊಂದರ ಯಂತ್ರ ನೋಡಿಕೊಳ್ಳಲು. ಓದಿದ್ದು ಮೆಕ್ಯಾನಿಕಲ್ ಡಿಪ್ಲೊಮಾ. ಆದರೆ ಕಂಪ್ಯೂಟರ್ ಸ್ವಲ್ಪ ಗೊತ್ತು ಎಂದು ಒಮ್ಮೆ ಬಾಯಿಬಿಟ್ಟರೆ ಸಾಕಲ್ಲ, ಸರ್ವರ್ ಕೂಡ ನಮ್ಮ ತಲೆಗೇ.

ಅದರಲ್ಲಿ ಎರಡು ಪಿಎಚ್‌ಪಿ ಅಪ್ಲಿಕೇಶನ್: ಗಿರಾಕಿಗಳು ನೋಡುವ ವೆಬ್‌ಸೈಟ್, ಮತ್ತೆ ಕಾರ್ಮಿಕರ ಹಾಜರಿ, ಸಂಬಳ, ಮುಂಗಡದ ಲೆಕ್ಕ. ಮೊದಲು ಹಾಕಿಕೊಟ್ಟವರು ಎರಡನ್ನೂ ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ ಎಂಬ ಒಂದೇ ಬಳಕೆದಾರನ ಹೆಸರಿನಲ್ಲಿ ಬಿಟ್ಟಿದ್ದರು. ಉಬುಂಟುವಿನಲ್ಲಿ ಏನೂ ಮುಟ್ಟದಿದ್ದರೆ ಹಾಗೇ ಓಡುತ್ತದೆ. ಫೈಲ್ ತೆರೆಯುವಾಗ ಲಿನಕ್ಸ್ ಯಾವ ಅಪ್ಲಿಕೇಶನ್ ಎಂದು ಕೇಳುವುದಿಲ್ಲ, ಯಾವ ಬಳಕೆದಾರ ಎಂದು ನೋಡುತ್ತದೆ. ಹಾಗಾಗಿ ವೆಬ್‌ಸೈಟ್‌ನ ಹಳೇ ಪ್ಲಗಿನ್‌ನ ತೂತಿನಿಂದ ನುಗ್ಗಿದವನು ಸಂಬಳದ ಡೇಟಾಬೇಸ್ ಪಾಸ್‌ವರ್ಡನ್ನೂ ಓದಬಲ್ಲ.

ಬಾಪನ ಅಂಗಡಿಯಲ್ಲಿ ಸಾಲದ ಪುಸ್ತಕವನ್ನು ಸಾಮಾನು ಕಟ್ಟುವ ಹುಡುಗ ಮುಟ್ಟುವಂತಿರಲಿಲ್ಲ, ಎಷ್ಟೇ ನಂಬಿಕಸ್ಥನಾದರೂ. ಯಾವ ಮನೆಯದ್ದು ಎಷ್ಟು ಬಾಕಿ ಎಂದು ಪೇಟೆಗೆ ಗೊತ್ತಾದರೆ ಆ ಮನೆಯವರು ಮತ್ತೆ ಮೆಟ್ಟಿಲು ಹತ್ತುವುದಿಲ್ಲ. ಗಿರಣಿಯ ಮುಂಗಡದ ಪಟ್ಟಿಯಲ್ಲಿ ಕಾರಣವೂ ಇದೆ: ತಂಗಿಯ ಮದುವೆ, ತಾಯಿಯ ಆಪರೇಶನ್.

ಒಂದು ಭಾನುವಾರ ಕೂತು ಬೇರೆ ಮಾಡಿದೆ. ಲಾಗಿನ್ ಇಲ್ಲದ ಇಬ್ಬರು ಹೊಸ ಬಳಕೆದಾರರು. ಪಿಎಚ್‌ಪಿ-ಎಫ್‌ಪಿಎಂನಲ್ಲಿ ತಲಾ ಒಂದು ಪೂಲ್, ಅದರ ಫೈಲಿನಲ್ಲಿ ಯೂಸರ್, ಗ್ರೂಪ್ ಎಂಬ ಎರಡು ಸಾಲು. ಎಂಜಿನ್‌ಎಕ್ಸ್ ಹಳೇ ಹೆಸರಿನಲ್ಲೇ ಇರುವುದರಿಂದ ಸಾಕೆಟ್ ಅದರ ಕೈಗೆ ಸಿಗುವಂತಿರಬೇಕು, ಇಲ್ಲದಿದ್ದರೆ 502. ಪಾಸ್‌ವರ್ಡ್ ಫೈಲಿಗೆ 640: ಮಾಲೀಕ ರೂಟ್, ಗ್ರೂಪ್ ಸಂಬಳದ ಬಳಕೆದಾರನದು. ಮೈಎಸ್‌ಕ್ಯೂಎಲ್‌ನಲ್ಲೂ ಖಾತೆ ಬೇರೆ, ಇಲ್ಲದಿದ್ದರೆ ಇಷ್ಟೆಲ್ಲ ಮಾಡಿ ಹಿಂಬಾಗಿಲು ತೆರೆದಿಟ್ಟ ಹಾಗೆ.

ಸುಮಾರು ಜನ ಇಲ್ಲಿಗೆ ನಿಲ್ಲಿಸುತ್ತಾರೆ. ನನ್ನ ಪ್ರಕಾರ ಮುಖ್ಯ ಕೆಲಸ ಇನ್ನೂ ಇದೆ. ಓಡಿಸುವವನಿಗೇ ಕೋಡ್ ತಿದ್ದುವ ಅಧಿಕಾರವಿದ್ದರೆ, ಒಳಬಂದವನು ತನ್ನದೇ ಬಾಗಿಲು ಕೂರಿಸಿ ಹೋಗುತ್ತಾನೆ. ಆದ್ದರಿಂದ ಕೋಡ್‌ನ ಮಾಲೀಕ ಇನ್ನೊಬ್ಬ. ಬರೆಯಲು ಬಿಟ್ಟದ್ದು ಅಪ್‌ಲೋಡ್ ಫೋಲ್ಡರ್ ಮಾತ್ರ, ಅಲ್ಲಿ ಪಿಎಚ್‌ಪಿ ಓಡುವುದಿಲ್ಲ.

ಕೊನೆಗೆ ಸುಡೋ ಹಾಕಿ ವೆಬ್‌ಸೈಟ್‌ನ ಬಳಕೆದಾರನಾಗಿ ಸಂಬಳದ ಫೈಲ್ ತೆರೆಯಲು ನೋಡಿದೆ. ಪರ್ಮಿಶನ್ ಡಿನೈಡ್. ಕರ್ನಲ್‌ನಲ್ಲೇ ತೂತಿದ್ದರೆ ಈ ಬೇಲಿಯೂ ನಿಲ್ಲುವುದಿಲ್ಲ, ಅದಕ್ಕೆ ಅಪ್‌ಡೇಟ್ ಬಿಡಬಾರದು.

ಮರುದಿನ ಮ್ಯಾನೇಜರ್ ಕೇಳಿದ್ದು, ಈಗ ವೆಬ್‌ಸೈಟ್ ಫಾಸ್ಟ್ ಆಯಿತಾ ಎಂದು. ಇಲ್ಲ ಸಾರ್, ಮೆಮೊರಿ ಸ್ವಲ್ಪ ಜಾಸ್ತಿಯೇ ತಿನ್ನುತ್ತದೆ ಎಂದೆ. ಪ್ಲಗಿನ್ ಅಪ್‌ಡೇಟನ್ನು ಕೂಡ ಇನ್ನು ಮುಂದೆ ಬಟನ್ ಒತ್ತಿ ಮಾಡಲಾಗುವುದಿಲ್ಲ, ನಾನೇ ಕೂತು ಹಾಕಬೇಕು.